ಗಡಿಕನ್ನಡದ ಕಡತಗಳು: ಗಣಕಾಕ್ಷರದ ಒಂದು ಇತಿಹಾಸ

ಅಕ್ಕಲಕೋಟೆ ಸೀಮೆಯ ಹಳೆಯ ಮನೆತನಗಳಲ್ಲಿ ಮೋಡಿ ಲಿಪಿಯ ಕಾಗದಪತ್ರಗಳು ಉಳಿದಿರುವುದುಂಟು. ಮಸಿ ಮಾಸಿಲ್ಲದಿದ್ದರೂ ಓದಬಲ್ಲವರು ವಿರಳ. 1990 ಮತ್ತು 2000ರ ದಶಕಗಳಲ್ಲಿ ಗಣಕದಲ್ಲಿ ಬೆರಳಚ್ಚಿಸಿದ ಕನ್ನಡಕ್ಕೂ ಇಂದು ಅದೇ ಗತಿ ಒದಗುತ್ತಿದೆ. ನುಡಿ ತಂತ್ರಾಂಶದ ಹಳೆಯ ಕಡತವನ್ನು ಮೊಬೈಲಿನಲ್ಲಿ ತೆರೆದರೆ ‘ಕನ್ನಡ’ ಎಂಬ ಪದವಿದ್ದೆಡೆ ಇಂಗ್ಲಿಷಿನ ಪಿ, ತಲೆಯ ಮೇಲೆ ಗೀಟುಳ್ಳ ಎ, ಬ್ರಿಟಿಷ್ ಪೌಂಡಿನ ಚಿಹ್ನೆ ಮುಂತಾದವು ಸಾಲುಗಟ್ಟಿ ನಿಲ್ಲುತ್ತವೆ. ಕಡತ ಕೆಟ್ಟಿತೆಂದು ಅಳಿಸಿಬಿಡುವವರೂ ಇದ್ದಾರೆ. ವಾಸ್ತವದಲ್ಲಿ ಅದು ಕೆಟ್ಟಿರುವುದಿಲ್ಲ.

ಗಣಕವು ಪ್ರತಿ ಅಕ್ಷರವನ್ನೂ ಒಂದು ಅಂಕಿಯಾಗಿ ಕೂಡಿಡುತ್ತದೆ. ಭಾರತೀಯ ಮಾನಕ ಸಂಸ್ಥೆಯು 1991ರಲ್ಲಿ ಅಂಗೀಕರಿಸಿದ ‘ಇಸ್ಕಿ’ ಸಂಕೇತದಲ್ಲಿ ಕನ್ನಡದ ಕಕಾರಕ್ಕೂ ದೇವನಾಗರಿಯ ಕಕಾರಕ್ಕೂ ಒಂದೇ ಅಂಕಿ. ಯಾವ ಲಿಪಿಯಲ್ಲಿ ತೋರಿಸಬೇಕೆಂಬುದನ್ನು ಬೇರೆಯಾಗಿ ಸೂಚಿಸಿದರಾಯಿತು. ಪುಣೆಯ ಸಿ-ಡ್ಯಾಕ್ ಸಂಸ್ಥೆಯ ‘ಜಿಸ್ಟ್’ ತಂತ್ರಜ್ಞಾನ ಇದನ್ನೇ ಅವಲಂಬಿಸಿತ್ತು. ಎರಡು ಲಿಪಿಗಳ ನಡುವೆ ಬಾಳುವ ನಮ್ಮಂಥವರಿಗೆ ಹೇಳಿ ಮಾಡಿಸಿದಂತಹ ಏರ್ಪಾಡು! ಆದರೆ ಮುದ್ರಣಾಲಯಗಳಿಗೆ ಬೇಕಾದದ್ದು ಅಂದವಾದ ಪುಟ. ಅಂದಿನ ವಿಂಡೋಸ್‌ಗೆ ಕನ್ನಡದ ಒತ್ತು-ಗುಣಿತಗಳು ತಿಳಿಯದಿದ್ದುದರಿಂದ, ಇಂಗ್ಲಿಷ್ ಅಕ್ಷರಗಳಿಗೆ ಮೀಸಲಾದ 256 ಮನೆಗಳಲ್ಲಿಯೇ ಕನ್ನಡದ ತಲಕಟ್ಟು, ಕೊಂಬು, ಒತ್ತುಗಳ ಚೂರುಗಳನ್ನು ತುಂಬಿದ ಫಾಂಟುಗಳು ಬಂದವು. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’, ಪುಣೆಯಲ್ಲಿ ರೂಪುಗೊಂಡ ‘ಶ್ರೀಲಿಪಿ’ ಹೀಗೆ ಪ್ರಚಾರ ಪಡೆದವು. ಇವು ಮಾಡಿದ ಉಪಕಾರ ದೊಡ್ಡದು. ಇವಿಲ್ಲದೆ ಆ ಕಾಲದ ಕನ್ನಡ ಗಣಕಕ್ಕೆ ಏರುತ್ತಲೇ ಇರಲಿಲ್ಲ. ಆದರೆ ನುಡಿಯ ಅಂಕಿ ಶ್ರೀಲಿಪಿಗೆ ಅರ್ಥವಾಗದು.

ಕಾರ್ಯಾಚರಣ ವ್ಯವಸ್ಥೆ ಬದಲಾದರೆ ತೊಡಕು ಇಮ್ಮಡಿಯಾಗುತ್ತದೆ. ನುಡಿಯಲ್ಲಿ ತಲಕಟ್ಟಿನ ಅಂಕಿ 192. ವಿಂಡೋಸ್‌ನಲ್ಲಿ ಅದು ಗೀಟುಳ್ಳ ಎ ಅಕ್ಷರದ ಮನೆ; ಹಳೆಯ ಮೆಕಿಂಟಾಷ್ ಗಣಕದಲ್ಲಿ ತಲೆಕೆಳಗಾದ ಪ್ರಶ್ನಾರ್ಥಕ ಚಿಹ್ನೆಯದು. ಇಂದಿನ ಲಿನಕ್ಸ್ ಬಳಸುವ ಯುಟಿಎಫ್-8 ಪದ್ಧತಿಯಲ್ಲಂತೂ 192 ಎಂಬ ಅಂಕಿಗೆ ಪ್ರವೇಶವೇ ಇಲ್ಲ. ಅದರ ಬದಲು ಕಪ್ಪು ವಜ್ರಾಕೃತಿಯೊಂದು ಕಾಣಿಸುತ್ತದೆ. ಅದನ್ನು ಹಾಗೆಯೇ ಉಳಿಸಿದರೆ ಮೂಲ ಅಂಕಿ ನಿಜವಾಗಿಯೂ ನಾಶವಾಗುತ್ತದೆ.

1991ರಲ್ಲೇ ಪ್ರಕಟವಾದ ಯೂನಿಕೋಡ್ ಪ್ರತಿ ಲಿಪಿಗೂ ಪ್ರತ್ಯೇಕ ಕೇರಿ ಕೊಟ್ಟಿತಾದರೂ ಇಸ್ಕಿಯ ಅಕ್ಷರಕ್ರಮವನ್ನು ಕೈಬಿಡಲಿಲ್ಲ. ‘ಸಲಗರ’ವನ್ನೇ ನೋಡಿ: ಕನ್ನಡದಲ್ಲಿ 3256, 3250, 3223, 3248, ದೇವನಾಗರಿಯಲ್ಲಿ 2360, 2354, 2327, 2352. ನಾಲ್ಕು ಅಕ್ಷರಗಳಲ್ಲೂ ವ್ಯತ್ಯಾಸ ಸರಿಯಾಗಿ 896. ನಮ್ಮೂರ ಫಲಕದ ಎರಡು ಲಿಪಿಗಳಿಗೆ ಇದಕ್ಕಿಂತ ಹತ್ತಿರದ ನೆಂಟಸ್ತಿಕೆ ಬೇಕೆ? 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ‘ತುಂಗಾ’ ಫಾಂಟು ಬಂದ ಬಳಿಕ ಈ ಸಂಕೇತ ಸಾಮಾನ್ಯರ ಗಣಕಕ್ಕೂ ತಲುಪಿತು.

ಹಳೆಯ ಕಡತಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳೇನೋ ಇವೆ. ಅವುಗಳ ಕಷ್ಟ ನಮ್ಮ ಗ್ರಾಮನಾಮಗಳಲ್ಲೇ ಕಾಣುತ್ತದೆ. ‘ಬುದ್ರುಕ’ದಲ್ಲಿ ದಕಾರದ ನಂತರ ರೇಫ, ‘ಖುರ್ದ’ದಲ್ಲಿ ಮೊದಲು ರೇಫ, ಆಮೇಲೆ ದಕಾರ. ನುಡಿಯ ಕಡತದಲ್ಲಾದರೋ ಅರ್ಕಾವತ್ತು ಕಣ್ಣಿಗೆ ಕಾಣುವಂತೆ ದಕಾರದ ಹಿಂದೆ ಬರುತ್ತದೆ. ಪರಿವರ್ತಕ ಅದನ್ನು ಮುಂದಕ್ಕೆ ಸಾಗಿಸದಿದ್ದರೆ ಊರಿನ ಹೆಸರೇ ಕೆಡುವುದು. ನಡುವೆ ಇಂಗ್ಲಿಷ್ ಪದವಿದ್ದರೆ ಅದೂ ಕನ್ನಡದ ಚೂರುಗಳಾಗಿ ಒಡೆಯುತ್ತದೆ. ಆದ್ದರಿಂದ ಪರಿವರ್ತಿಸುವ ಮುನ್ನ ಮೂಲ ಕಡತದ ಪ್ರತಿಯನ್ನು ತೆಗೆದಿರಿಸಬೇಕು; ಅದನ್ನು ಯಾವ ಫಾಂಟಿನಲ್ಲಿ ಬೆರಳಚ್ಚಿಸಿತ್ತೆಂಬುದನ್ನು ಕಡತದ ಹೆಸರಿನಲ್ಲಿಯೇ ಸೇರಿಸಬೇಕು. ವರ್ಡ್ ಕಡತವು ಫಾಂಟಿನ ಹೆಸರನ್ನು ತನ್ನೊಳಗೆ ಇರಿಸಿಕೊಂಡಿರುತ್ತದೆ. ಬರಿಯ ಪಠ್ಯ ಕಡತಕ್ಕೆ ಆ ಸೌಲಭ್ಯವಿಲ್ಲ. ಬೆರಳಚ್ಚಿಸಿದವರು ಬದುಕಿರುವಾಗಲೇ ಅವರನ್ನು ಕೇಳಿ ಬರೆದಿಡಬೇಕು.