ನಲ್ಲಿಯೊಳಗಿನ ಇತಿಹಾಸ: ಬಗ್ದಾದಿನಿಂದ ಗ್ಲೋಬ್ ವಾಲ್ವ್‌ವರೆಗೆ

ಮಸೀದಿಯಲ್ಲಿ ವುಜೂ ಮಾಡುವಾಗ ನಾವು ನಲ್ಲಿಯನ್ನು ಒಂದು ಸುತ್ತು ತಿರುಗಿಸುತ್ತೇವೆ, ನೀರು ಬರುತ್ತದೆ. ಸ್ವಲ್ಪ ಹಿಂದಕ್ಕೆ ತಿರುಗಿಸಿದರೆ ಧಾರೆ ಸಣ್ಣದಾಗುತ್ತದೆ, ಪೂರ್ತಿ ತಿರುಗಿಸಿದರೆ ನಿಲ್ಲುತ್ತದೆ. ದಿನಕ್ಕೆ ಐದು ಹೊತ್ತು ಮಾಡುವ ಈ ಚಿಕ್ಕ ಕೆಲಸದ ಹಿಂದೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ಬಗ್ದಾದ್ ನಗರದಲ್ಲಿ ನಡೆಯಿತು ಎಂಬುದನ್ನು ನಮ್ಮ ವಿದ್ಯಾರ್ಥಿಗಳು ತಿಳಿದಿರಬೇಕು.

ನೀರಿನ ದಾರಿಗೆ ಕವಾಟ ಇಡುವ ವಿದ್ಯೆ ಮುಸ್ಲಿಮರಿಂದಲೇ ಆರಂಭವಾಯಿತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕ್ರಿ.ಪೂ. 3ನೇ ಶತಮಾನದಲ್ಲೇ ಅಲೆಕ್ಸಾಂಡ್ರಿಯಾದ ಟೆಸಿಬಿಯಸ್ ನೀರೆತ್ತುವ ಪಂಪಿನಲ್ಲಿ ಕವಾಟಗಳನ್ನು ಬಳಸಿದ್ದನು. ರೋಮನ್ನರು ಕಂಚಿನ ನಲ್ಲಿಗಳನ್ನು ಮಾಡಿದ್ದರು. ಈ ಜ್ಞಾನವನ್ನು ಕೈಗೆತ್ತಿಕೊಂಡು ಮುಂದಕ್ಕೆ ಒಯ್ದವರು 9ನೇ ಶತಮಾನದ ಬನೂ ಮೂಸಾ ಸಹೋದರರಾದ ಮುಹಮ್ಮದ್, ಅಹ್ಮದ್ ಮತ್ತು ಹಸನ್. ಇವರ ತಂದೆ ಮೂಸಾ ಬಿನ್ ಶಾಕಿರ್ ತೀರಿಕೊಂಡ ನಂತರ ಖಲೀಫ ಮಾಮೂನ್ ಈ ಅನಾಥ ಮಕ್ಕಳ ವಿದ್ಯಾಭ್ಯಾಸಕ್ಕೆ ಏರ್ಪಾಡು ಮಾಡಿದರು. ಬೈತುಲ್ ಹಿಕ್ಮಾದ ಪರಿಸರದಲ್ಲಿ ಬೆಳೆದ ಅವರು ಗ್ರೀಕ್ ಗ್ರಂಥಗಳನ್ನು ಹುಡುಕಿ ತರಿಸಿ ಅನುವಾದ ಮಾಡಿಸಿದರು. ಆ ಅನುವಾದಕರಲ್ಲಿ ಕ್ರೈಸ್ತರಾದ ಹುನೈನ್ ಬಿನ್ ಇಸ್‌ಹಾಕ್ ಮತ್ತು ಸಾಬಿಯನ್ ಮತದ ಸಾಬಿತ್ ಬಿನ್ ಕುರ್ರಾ ಇದ್ದರು. ಇಲ್ಮ್ ಯಾರಲ್ಲಿದ್ದರೂ ಕಲಿಯಬೇಕೆಂಬುದು ಅಂದಿನವರ ನಡತೆಯಾಗಿತ್ತು.

ಸುಮಾರು ಕ್ರಿ.ಶ. 850ರಲ್ಲಿ ಈ ಸಹೋದರರು ರಚಿಸಿದ ‘ಕಿತಾಬುಲ್ ಹಿಯಲ್’ ಗ್ರಂಥದಲ್ಲಿ ಸುಮಾರು 100 ಯಂತ್ರಸಾಧನಗಳ ವಿವರಣೆಯಿದೆ. ಅವುಗಳಲ್ಲಿ ಮತ್ತೆ ಮತ್ತೆ ಬರುವುದು ಶಂಕುವಿನ ಆಕಾರದ ಕವಾಟ. ಶಂಕು ತನಗೆ ಸರಿಹೊಂದುವ ಕುಳಿಯಲ್ಲಿ ಕುಳಿತರೆ ನೀರು ನಿಲ್ಲುತ್ತದೆ, ಮೇಲೆದ್ದರೆ ಹರಿಯುತ್ತದೆ. ಅದಕ್ಕೆ ತೇಲುಗುಂಡನ್ನು ಜೋಡಿಸಿ, ನೀರಿನ ಮಟ್ಟಕ್ಕೆ ಅನುಗುಣವಾಗಿ ಕವಾಟ ತಾನಾಗಿಯೇ ತೆರೆದು ಮುಚ್ಚುವಂತೆಯೂ ಅವರು ಮಾಡಿದರು. ಇಂದು ನಮ್ಮ ಮನೆಯ ಟ್ಯಾಂಕಿನಲ್ಲಿರುವ ಬಾಲ್ ವಾಲ್ವ್ ಮಾಡುವುದು ಇದೇ ಕೆಲಸ.

ಮುಂದೆ 1206ರಲ್ಲಿ, ದಿಯಾರ್‌ಬಕರ್‌ನ ಅರ್ತುಕ್ ದೊರೆಗಳ ಆಶ್ರಯದಲ್ಲಿದ್ದ ಅಲ್ ಜಝರಿ ತಮ್ಮ ಪ್ರಸಿದ್ಧ ಯಂತ್ರಗ್ರಂಥವನ್ನು ಪೂರೈಸಿದರು. ಎರಡು ಸಿಲಿಂಡರುಗಳ ಪಂಪನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಅದಕ್ಕಿಂತಲೂ ನನಗೆ ದೊಡ್ಡದಾಗಿ ಕಾಣುವುದು ಇನ್ನೊಂದು ಮಾತು. ಕವಾಟದ ಬೆಣೆ ಮತ್ತು ಅದು ಕೂರುವ ಪೀಠ, ಇವೆರಡನ್ನೂ ಕುರುಂದದ ಪುಡಿ ಹಾಕಿ ಒಂದಕ್ಕೊಂದು ಉಜ್ಜಿ, ನೀರು ಸೋರದಂತೆ ಕೂಡಿಸುವ ಕ್ರಮವನ್ನು ಅವರು ತಿಳಿಸಿದ್ದಾರೆ. ಇಂದಿನ ವಾಲ್ವ್ ರಿಪೇರಿ ಕಾರ್ಯಾಗಾರದಲ್ಲೂ ಫಿಟ್ಟರ್ ಮಾಡುವುದು ಇದನ್ನೇ. ಅಂದರೆ ಅಲ್ ಜಝರಿ ಕೇವಲ ಪುಸ್ತಕ ಓದಿದ ವಿದ್ವಾಂಸರಲ್ಲ, ಕೈಗೆ ಮಸಿ ಹಚ್ಚಿಕೊಂಡ ಕುಶಲಕರ್ಮಿ.

ಉಗಿಯಂತ್ರದ ಯುಗ ಬಂದಾಗ ಕವಾಟದ ಹೊಣೆ ಹೆಚ್ಚಾಯಿತು. ನೀರು ಸೋರಿದರೆ ನೆಲ ಒದ್ದೆಯಾದೀತು, ಆದರೆ ಉಗಿ ಸೋರಿದರೆ ಮನುಷ್ಯನೇ ಬೆಂದುಹೋಗುತ್ತಾನೆ. 1845ರಲ್ಲಿ ಇಂಗ್ಲೆಂಡಿನ ರಾದರಮ್ ಪಟ್ಟಣದ ಗೆಸ್ಟ್ ಅಂಡ್ ಕ್ರೈಮ್ಸ್ ಎಂಬ ಹಿತ್ತಾಳೆ ಕಾರ್ಖಾನೆ ತಿರುಪಿನಿಂದ ಕೆಳಕ್ಕೆ ಒತ್ತುವ ನಲ್ಲಿಗೆ ಪೇಟೆಂಟ್ ಪಡೆಯಿತು. ಕಾರ್ಖಾನೆಗಳ ಗ್ಲೋಬ್ ವಾಲ್ವ್ ಕೂಡ ಇದೇ ತತ್ತ್ವದ್ದು. ಅದರ ಒಡಲು ಗೋಳದಂತೆ ಉಬ್ಬಿರುತ್ತಿದ್ದುದರಿಂದ ಆ ಹೆಸರು ಬಂತು.

ತಾಂತ್ರಿಕ ಶಿಕ್ಷಣಕ್ಕೆ ಹೋಗುವ ವಿದ್ಯಾರ್ಥಿಗಳು ಇಲ್ಲಿ ಒಂದು ಭೇದವನ್ನು ಗಮನಿಸಬೇಕು. ಹರಿವನ್ನು ಪೂರ್ತಿ ತಡೆಯುವುದು ಒಂದು ಕೆಲಸ, ಬೇಕಾದಷ್ಟೇ ಬಿಡುವುದು ಇನ್ನೊಂದು. ಗೇಟ್ ವಾಲ್ವ್‌ನ ತಟ್ಟೆ ಹರಿವಿಗೆ ಅಡ್ಡಲಾಗಿ ಇಳಿಯುತ್ತದೆ, ಅದನ್ನು ಒಂದೋ ಪೂರ್ತಿ ತೆರೆಯಬೇಕು, ಇಲ್ಲವೇ ಪೂರ್ತಿ ಮುಚ್ಚಬೇಕು. ಅರ್ಧ ತೆರೆದಿಟ್ಟರೆ ರಭಸದ ನೀರು ತಟ್ಟೆಯನ್ನು ನಡುಗಿಸಿ ಅಂಚನ್ನು ಸವೆಸುತ್ತದೆ. ಮುಂದೆ ಅದು ಬಿಗಿಯಾಗಿ ಮುಚ್ಚುವುದಿಲ್ಲ. ಗ್ಲೋಬ್ ವಾಲ್ವ್‌ನಲ್ಲಿ ಹಾಗಲ್ಲ. ಅದರ ಬಿಲ್ಲೆ ಪೀಠದ ಮೇಲೆ ನೇರವಾಗಿ ಬಂದು ಕೂರುವುದರಿಂದ ಉಜ್ಜಾಟ ಕಡಿಮೆ, ಹರಿವನ್ನು ಹಂತಹಂತವಾಗಿ ಹೆಚ್ಚು ಕಡಿಮೆ ಮಾಡಬಹುದು, ಬಿಗಿಯಾಗಿ ಮುಚ್ಚಲೂ ಬಹುದು. ಆದರೆ ನೀರು ಅದರೊಳಗೆ ಬಳಸಿ ತಿರುಗಿ ಹೋಗಬೇಕಾದ್ದರಿಂದ ಒತ್ತಡ ಹೆಚ್ಚು ನಷ್ಟವಾಗುತ್ತದೆ. ಸೂಕ್ಷ್ಮ ನಿಯಂತ್ರಣ ಬೇಕಾದರೆ ಶಂಕು ಅಥವಾ ಸೂಜಿಯಾಕಾರದ ಬೆಣೆ, ನೀರಿನಂತಹ ತಣ್ಣನೆಯ ದ್ರವ ಬಿಗಿಯಾಗಿ ನಿಲ್ಲಬೇಕಾದರೆ ಮೆತ್ತನೆಯ ಬಿಲ್ಲೆ. ಸಾಧಾರಣ ನೀರಿಗೆ ಕಂಚು ಸಾಕು, ಹೆಚ್ಚಿನ ಒತ್ತಡದ ಉಗಿಗೆ ಉಕ್ಕು ಬೇಕು, ಲೋಹವನ್ನು ತಿನ್ನುವ ದ್ರವಗಳಿಗೆ ಅದಕ್ಕೆ ತಕ್ಕ ಸ್ಟೇನ್‌ಲೆಸ್ ಸ್ಟೀಲ್ ಅಥವಾ ಬೇರೆ ಮಿಶ್ರಲೋಹ ಬೇಕು. ಕೂರಿಸುವಾಗ ಒಡಲ ಮೇಲಿನ ಬಾಣದ ಗುರುತನ್ನು ನೋಡದಿದ್ದರೆ ಆರಿಸಿದ ಶ್ರಮವೆಲ್ಲ ವ್ಯರ್ಥ.

ಪ್ರಿಯ ವಿದ್ಯಾರ್ಥಿಗಳೇ, ನಮ್ಮ ಸಭೆಗಳಲ್ಲಿ ಪೂರ್ವಜರ ವೈಭವದ ಬಗ್ಗೆ ಭಾಷಣಗಳಿಗೆ ಕೊರತೆಯಿಲ್ಲ. ಆದರೆ ಅದೇ ಸಭೆಯಿಂದ ಮನೆಗೆ ಹೋದ ತಂದೆ, ಮಗ ಐಟಿಐ ಸೇರುತ್ತೇನೆಂದರೆ ಮುಖ ಸಿಂಡರಿಸುತ್ತಾನೆ. ಫಿಟ್ಟರ್, ಪ್ಲಂಬರ್ ಎಂದರೆ ಓದು ಹತ್ತದವರ ಕಸುಬು ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಬನೂ ಮೂಸಾ ಸಹೋದರರು ಗಣಿತವನ್ನೂ ಬಲ್ಲವರು, ನೀರಿನ ಯಂತ್ರವನ್ನೂ ಬಲ್ಲವರು. ಇಲ್ಮ್ ಮತ್ತು ಹುನರ್ ಬೇರೆಯಾದ ದಿನವೇ ಒಂದು ಸಮುದಾಯದ ಹಿನ್ನಡೆ ಶುರುವಾಗುತ್ತದೆ.

ಹರಿಯುವ ನದಿಯ ದಂಡೆಯಲ್ಲಿ ವುಜೂ ಮಾಡುವಾಗಲೂ ನೀರನ್ನು ಪೋಲು ಮಾಡಬಾರದೆಂಬುದು ನಮಗಿರುವ ಬೋಧನೆ. ಹಾಗಿದ್ದೂ ಎಷ್ಟೋ ವುಜೂ ಖಾನೆಗಳಲ್ಲಿ ನಲ್ಲಿ ರಾತ್ರಿಯೆಲ್ಲ ತೊಟ್ಟಿಕ್ಕುತ್ತಿರುತ್ತದೆ. ಹೆಚ್ಚಿನ ಸಲ ಸವೆದಿರುವುದು ಒಳಗಿನ ಒಂದು ವಾಷರ್ ಮಾತ್ರ. ಅಲ್ ಜಝರಿಯ ಹೆಸರನ್ನು ಹೆಮ್ಮೆಯಿಂದ ಹೇಳುವ ಹುಡುಗ ಆ ನಲ್ಲಿಯನ್ನು ಬಿಚ್ಚಿ, ವಾಷರ್ ಬದಲಿಸಿ ಸರಿಪಡಿಸಲು ಕಲಿತರೆ, ಆ ಹೆಸರಿಗೆ ಅದಕ್ಕಿಂತ ದೊಡ್ಡ ಗೌರವ ಬೇರೊಂದಿಲ್ಲ.