ರಕ್ತದಲ್ಲಿನ ಸೀಸ: ಒಂದು ಪರೀಕ್ಷೆಯ ಇತಿಹಾಸ

ಸೀಸವು ಪ್ರಾಣಿಗಳಿಗೆ ವಿಷವೆಂಬ ಅರಿವು ಬಹಳ ಹಳೆಯದಾದರೂ, ಆ ವಿಷವನ್ನು ಬದುಕಿರುವ ಪ್ರಾಣಿಯ ರಕ್ತದಲ್ಲೇ ಅಳೆಯುವ ಪದ್ಧತಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಲ್ಲಿ ರೂಢಿಗೆ ಬಂದುದು. ಇಂಗ್ಲೆಂಡಿನ ಡರ್ಬಿಶೈರ್ ಪ್ರಾಂತ್ಯದಲ್ಲಿ ಸೀಸದ ಅದಿರನ್ನು ಕರಗಿಸುವ ಕುಲುಮೆಗಳ ಸುತ್ತಮುತ್ತ ಮೇಯುತ್ತಿದ್ದ ದನಕುರಿಗಳಿಗೂ, ಗಣಿಯಲ್ಲಿ ದುಡಿಯುತ್ತಿದ್ದ ಜನರಿಗೂ ತಗಲುತ್ತಿದ್ದ ಬೇನೆಯನ್ನು ಸ್ಥಳೀಯರು ‘ಬೆಲಂಡ್’ ಎಂದು ಕರೆಯುತ್ತಿದ್ದರು. ಇಂಥ ಬೇನೆಯನ್ನು ಗುರುತಿಸಲು ಆಗ ಇದ್ದ ಆಧಾರಗಳು ಎರಡೇ: ಹೊರಗೆ ಕಾಣುವ ರೋಗಲಕ್ಷಣ ಮತ್ತು ಸತ್ತ ಪ್ರಾಣಿಯ ಒಡಲು. ರಕ್ತಪರೀಕ್ಷೆಯು ಈ ಸ್ಥಿತಿಯನ್ನು ಬದಲಿಸಿತು. ಪ್ರಾಣಿ ಏಕೆ ಸತ್ತಿತು ಎಂಬ ಪ್ರಶ್ನೆಯ ಜಾಗದಲ್ಲಿ ಅದರ ಮೈಗೆ ಎಷ್ಟು ವಿಷ ಸೇರಿದೆ, ಯಾವಾಗ ಸೇರಿತು, ಎಲ್ಲಿಂದ ಬಂತು ಎಂಬ ಪ್ರಶ್ನೆಗಳನ್ನು ಕೇಳಲು ಅದು ದಾರಿ ಮಾಡಿಕೊಟ್ಟಿತು.

ಅಮೆರಿಕದಲ್ಲಿ ಈ ವಿಷಯ ಮೊದಲು ಚರ್ಚೆಗೆ ಬಂದುದು ನೀರುಹಕ್ಕಿಗಳ ಮೂಲಕ. ಬೇಟೆಗಾರರು ಹಾರಿಸಿದ ಚರೆಗಳು, ಅಂದರೆ ಕೋವಿಯ ತೋಟೆಯೊಳಗಿನ ಸಣ್ಣ ಸೀಸದ ಗುಂಡುಗಳು, ಕೆರೆಗಳ ತಳದಲ್ಲಿ ಉಳಿಯುತ್ತಿದ್ದವು. ಕಾಳು ಅರೆಯಲು ಹರಳುಗಳನ್ನು ನುಂಗುವ ಬಾತುಗಳು ಅವುಗಳನ್ನೂ ನುಂಗಿ ಸಾಯುತ್ತಿದ್ದವು. ಜಾರ್ಜ್ ಬರ್ಡ್ ಗ್ರಿನೆಲ್ 1894ರಲ್ಲಿಯೇ ‘ಫಾರೆಸ್ಟ್ ಅಂಡ್ ಸ್ಟ್ರೀಮ್’ ಪತ್ರಿಕೆಯಲ್ಲಿ ಇದರತ್ತ ಗಮನ ಸೆಳೆದಿದ್ದನು. ಇಲಿನಾಯ್‌ನ ವಿಜ್ಞಾನಿ ಫ್ರಾಂಕ್ ಬೆಲ್‌ರೋಸ್ 1959ರಲ್ಲಿ ಪ್ರಕಟಿಸಿದ ಅಧ್ಯಯನವು ಉತ್ತರ ಅಮೆರಿಕದ ನೀರುಹಕ್ಕಿಗಳಲ್ಲಿ ಪ್ರತಿವರ್ಷ ನೂರಕ್ಕೆ ಎರಡು ಮೂರರಷ್ಟು ಸೀಸದಿಂದಲೇ ಸಾಯುತ್ತವೆಂದು ಅಂದಾಜಿಸಿತು. ಆದರೆ ಈ ಅಂದಾಜು ಮುಖ್ಯವಾಗಿ ಹಕ್ಕಿಗಳ ಹೊಟ್ಟೆಯಲ್ಲಿ ಸಿಕ್ಕ ಚರೆಗಳ ಎಣಿಕೆಯನ್ನು ಅವಲಂಬಿಸಿತ್ತೇ ಹೊರತು ಅವುಗಳ ರಕ್ತವನ್ನಲ್ಲ.

ರಕ್ತದ ಕಡೆಗೆ ತಿರುಗಲು ಬೇಕಾದ ಉಪಕರಣಗಳು ಬಂದುದು ಬೇರೆ ಕ್ಷೇತ್ರಗಳಿಂದ. ಡೈಥಿಜೋನ್ ಎಂಬ ರಾಸಾಯನಿಕದ ಬಣ್ಣ ಬದಲಾವಣೆಯಿಂದ ಸೀಸವನ್ನು ಅಳೆಯುವ ಹಳೆಯ ವಿಧಾನಕ್ಕೆ ಹೆಚ್ಚು ರಕ್ತವೂ ಹೆಚ್ಚು ಸಮಯವೂ ಬೇಕಾಗುತ್ತಿತ್ತು. ಆಸ್ಟ್ರೇಲಿಯದ ಅಲನ್ ವಾಲ್ಶ್ 1955ರಲ್ಲಿ ವಿವರಿಸಿದ ಪರಮಾಣು ಹೀರಿಕೆಯ ವಿಧಾನವು, ಆವಿಯಾದ ಲೋಹದ ಪರಮಾಣುಗಳು ನಿರ್ದಿಷ್ಟ ಬೆಳಕನ್ನು ಎಷ್ಟು ಹೀರಿಕೊಳ್ಳುತ್ತವೆ ಎಂಬುದರಿಂದ ಲೋಹದ ಪ್ರಮಾಣವನ್ನು ತಿಳಿಸುತ್ತದೆ. 1970ರಲ್ಲಿ ಡೆಲ್ವ್ಸ್ ಎಂಬ ವಿಜ್ಞಾನಿ ರೂಪಿಸಿದ ಪುಟ್ಟ ಬಟ್ಟಲಿನ ತಂತ್ರವು ಅದನ್ನು ಕೆಲವೇ ಹನಿ ರಕ್ತಕ್ಕೂ ಅನ್ವಯಿಸಿತು. ಹಳೆಯ ಮನೆಗಳ ಸೀಸದ ಬಣ್ಣದಿಂದ ವಿಷವೇರಿದ ಮಕ್ಕಳನ್ನು ಗುರುತಿಸಲು ನೆರವಾದ ಇಂಥ ತಂತ್ರಗಳೇ ಪಶುವೈದ್ಯರ ಕೈಗೂ ಬಂದವು. ರಕ್ತದಲ್ಲಿರುವ ಸೀಸದಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ಕೆಂಪು ಕಣಗಳಿಗೆ ಅಂಟಿಕೊಂಡಿರುವುದರಿಂದ, ಹೆಪ್ಪುಗಟ್ಟದಂತೆ ಕಾಪಾಡಿದ ಇಡೀ ರಕ್ತವನ್ನೇ ಪರೀಕ್ಷಿಸಬೇಕಾಗುತ್ತದೆ. ಕಣಗಳನ್ನು ಬೇರ್ಪಡಿಸಿ ಉಳಿದ ತಿಳಿಯನ್ನು ಅಳೆದರೆ ಫಲಿತಾಂಶ ದಾರಿ ತಪ್ಪಿಸುತ್ತದೆ.

ಸಾಕುಪ್ರಾಣಿಗಳಲ್ಲಿ ಈ ಪರೀಕ್ಷೆಗೆ ಹೆಚ್ಚಾಗಿ ಒಳಗಾದುದು ದನಗಳು. ಎಸೆದ ಬ್ಯಾಟರಿಗಳನ್ನೂ ಬಣ್ಣ ಬಳಿದ ಹಲಗೆಗಳನ್ನೂ ನೆಕ್ಕುವ ದನ ನುಂಗಿದ ಸೀಸದ ಚೂರು, ಮೆಲುಕು ಹಾಕುವ ಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಉಳಿದು ನಿಧಾನವಾಗಿ ಕರಗುತ್ತದೆ. ಕಣ್ಣು ಕಾಣದಾಗುವುದು, ನಡುಕ, ಸೆಳವು ಮುಂತಾದ ಲಕ್ಷಣಗಳು ಒಂದೆರಡು ದನಗಳಲ್ಲಿ ಮಾತ್ರ ತೋರಿದರೂ ಮಂದೆಯ ಉಳಿದವುಗಳ ರಕ್ತದಲ್ಲಿ ಸೀಸ ಏರಿರಬಹುದು. ಆದ್ದರಿಂದ ಮಂದೆಯನ್ನೇ ಪರೀಕ್ಷಿಸಿ, ಸೀಸದ ಮಟ್ಟ ಇಳಿಯುವವರೆಗೆ ಹಾಲು ಮತ್ತು ಮಾಂಸವನ್ನು ಮಾರಾಟದಿಂದ ತಡೆಹಿಡಿಯುವ ಕ್ರಮವು ಹಲವು ದೇಶಗಳಲ್ಲಿ ಬಂದಿತು; ಹೀಗೆ ದನದ ರಕ್ತಪರೀಕ್ಷೆ ಮನುಷ್ಯರ ಆಹಾರದ ಕಾವಲೂ ಆಯಿತು.

ವನ್ಯಜೀವಿಗಳ ವಿಷಯದಲ್ಲಿ ಈ ಪರೀಕ್ಷೆಯ ಬಲವೂ ಮಿತಿಯೂ ಒಟ್ಟಿಗೆ ಪ್ರಕಟವಾದುದು ಕ್ಯಾಲಿಫೋರ್ನಿಯ ಕಾಂಡೋರ್ ಎಂಬ ರಣಹದ್ದಿನ ಚರಿತ್ರೆಯಲ್ಲಿ. ರೆಕ್ಕೆ ಬಿಚ್ಚಿದಾಗ ಒಂಬತ್ತು ಅಡಿಗೂ ಮಿಗಿಲಾಗಿ ಚಾಚುವ ಈ ಹಕ್ಕಿಗಳ ಸಂಖ್ಯೆ 1982ರ ವೇಳೆಗೆ 22ಕ್ಕೆ ಇಳಿದಿತ್ತು. 1984ರಲ್ಲಿ ಸತ್ತ ಒಂದು ಹಕ್ಕಿಯಲ್ಲಿ ಸೀಸದ ವಿಷ ದೃಢಪಟ್ಟಿತು. ಅಳಿವಿನ ಅಂಚಿನಲ್ಲಿದ್ದ ಕಾಂಡೋರ್‌ಗಳನ್ನು ಹೆಚ್ಚು ಸಂಖ್ಯೆಯಲ್ಲಿ ಹಿಡಿದು ಪರೀಕ್ಷಿಸಲು ಆಗದ ಕಾರಣ, ಅದೇ ಪ್ರದೇಶದಲ್ಲಿ ಸತ್ತ ಪ್ರಾಣಿಗಳನ್ನು ತಿನ್ನುವ ಗೋಲ್ಡನ್ ಈಗಲ್ ಹದ್ದುಗಳ ರಕ್ತವನ್ನು 1985–86ರಲ್ಲಿ ಪರೀಕ್ಷಿಸಲಾಯಿತು. 162 ಹದ್ದುಗಳಲ್ಲಿ ಮೂರನೆಯ ಒಂದಕ್ಕಿಂತ ಹೆಚ್ಚಿನವು ಸೀಸಕ್ಕೆ ಒಡ್ಡಿಕೊಂಡಿದ್ದವು. 1987ರ ಏಪ್ರಿಲ್‌ನಲ್ಲಿ ಕೊನೆಯ ಕಾಡು ಕಾಂಡೋರ್ ಅನ್ನೂ ಹಿಡಿದು, ಒಟ್ಟು 27 ಹಕ್ಕಿಗಳಿಂದ ಸಂತಾನವನ್ನು ಬೆಳೆಸಿ, 1992ರಿಂದ ಮತ್ತೆ ಹಾರಬಿಡಲಾಯಿತು.

ಹಾರಬಿಟ್ಟ ಹಕ್ಕಿಗಳನ್ನು ಆಗಾಗ ಹಿಡಿದು, ಕಾಲಿನ ರಕ್ತನಾಳದಿಂದ ರಕ್ತ ತೆಗೆದು, ಮಕ್ಕಳ ಪರೀಕ್ಷೆಗೆಂದು ತಯಾರಾದ ಕೈಯಲ್ಲಿ ಒಯ್ಯಬಹುದಾದ ಯಂತ್ರದಿಂದ ಸ್ಥಳದಲ್ಲೇ ಸೀಸವನ್ನು ಅಳೆಯುವುದು ಸಂರಕ್ಷಣೆಯ ನಿತ್ಯಕ್ರಮವಾಯಿತು. ಮಟ್ಟ ಮೀರಿದ ಹಕ್ಕಿಗೆ, ಸೀಸವನ್ನು ಹಿಡಿದು ಮೂತ್ರದ ಮೂಲಕ ಹೊರಹಾಕುವ ಕ್ಯಾಲ್ಸಿಯಂ ಇಡಿಟಿಎ ಎಂಬ ಮದ್ದನ್ನು ಕೊಡುತ್ತಿದ್ದರು. ಆದರೆ ಕಾಂಡೋರ್‌ನ ರಕ್ತದಲ್ಲಿ ಸೀಸ ಸುಮಾರು ಎರಡು ವಾರಗಳಲ್ಲಿ ಅರ್ಧಕ್ಕಿಳಿಯುವುದರಿಂದ, ಪರೀಕ್ಷೆಯ ದಿನದ ಸಂಖ್ಯೆಯು ಇತ್ತೀಚಿನ ವಿಷವನ್ನಷ್ಟೇ ತಿಳಿಸುತ್ತದೆ. ಅದಕ್ಕಿಂತ ಹಿಂದಿನದನ್ನು ತಿಳಿಯಲು, ಬೆಳೆಯುವಾಗಲೇ ಸೀಸವನ್ನು ತನ್ನೊಳಗೆ ಸೇರಿಸಿಕೊಳ್ಳುವ ಗರಿಯನ್ನು ಉದ್ದಕ್ಕೂ ಪರೀಕ್ಷಿಸಬೇಕಾಯಿತು.

ಕಾಂಡೋರ್‌ಗಳು ತಿನ್ನುವ ಕಳೇಬರಗಳಲ್ಲಿ ಉಳಿದ ಬೇಟೆಯ ಗುಂಡೇ ವಿಷದ ಮೂಲವೇ ಎಂಬ ವಿವಾದಕ್ಕೆ ಉತ್ತರ ಕೊಟ್ಟುದು ಐಸೋಟೋಪ್‌ಗಳ ಅಧ್ಯಯನ. ಐಸೋಟೋಪ್ ಎಂದರೆ ಒಂದೇ ಧಾತುವಿನ ಬೇರೆ ಬೇರೆ ತೂಕದ ಪರಮಾಣು. ಅದಿರಿನಿಂದ ಅದಿರಿಗೆ ಸೀಸದ ಐಸೋಟೋಪ್‌ಗಳ ಅನುಪಾತ ಬದಲಾಗುವುದರಿಂದ ಅದು ಮೂಲವನ್ನು ಪತ್ತೆಹಚ್ಚಲು ನೆರವಾಗುತ್ತದೆ. ಸೀಸ ಏರಿದ ಕಾಂಡೋರ್‌ಗಳ ರಕ್ತದ ಅನುಪಾತವು ಆ ಪ್ರದೇಶದಲ್ಲಿ ಮಾರಾಟವಾಗುತ್ತಿದ್ದ ಗುಂಡುಗಳ ಅನುಪಾತಕ್ಕೆ ಹೊಂದುತ್ತದೆಂದು 2006ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. ಮರುವರ್ಷವೇ ಕ್ಯಾಲಿಫೋರ್ನಿಯ ರಾಜ್ಯವು ಕಾಂಡೋರ್ ವಲಯದಲ್ಲಿ ಬೇಟೆಗೆ ಸೀಸದ ಗುಂಡನ್ನು ನಿಷೇಧಿಸುವ ಕಾಯಿದೆ ಮಾಡಿ 2008ರಲ್ಲಿ ಜಾರಿಗೆ ತಂದಿತು; 2013ರ ಇನ್ನೊಂದು ಕಾಯಿದೆಯ ಮೂಲಕ ನಿಷೇಧವು 2019ರ ವೇಳೆಗೆ ಇಡೀ ರಾಜ್ಯಕ್ಕೆ ವ್ಯಾಪಿಸಿತು.

ಕಾಯಿದೆಯ ಪರಿಣಾಮವನ್ನು ಅಳೆದುದೂ ರಕ್ತವೇ. ಗೋಲ್ಡನ್ ಈಗಲ್‌ಗಳಲ್ಲಿ ಸೀಸದ ಮಟ್ಟ ಮೊದಲ ನಿಷೇಧದ ನಂತರ ಇಳಿಯಿತಾದರೂ, ಪ್ರತಿವರ್ಷ ಸುಮಾರು ಐದನೆಯ ಒಂದು ಭಾಗದ ಕಾಂಡೋರ್‌ಗಳಿಗೆ ಚಿಕಿತ್ಸೆ ಬೇಕಾಗುವ ಮಟ್ಟದಲ್ಲಿ ಸೀಸವಿರುತ್ತದೆಂದು 2012ರ ಅಧ್ಯಯನ ತಿಳಿಸಿತು. ಒಂದು ಕಾಂಡೋರ್ ವರ್ಷಕ್ಕೆ 75ರಿಂದ 150 ಕಳೇಬರಗಳನ್ನು ತಿನ್ನುವುದರಿಂದ, ಇನ್ನೂರರಲ್ಲಿ ಒಂದು ಕಳೇಬರದಲ್ಲಿ ಮಾತ್ರ ಸೀಸವಿದ್ದರೂ ಹತ್ತು ವರ್ಷಗಳಲ್ಲಿ ಅದು ವಿಷಕ್ಕೆ ಸಿಕ್ಕಿಬೀಳುವ ಸಂಭವ ನೂರಕ್ಕೆ 85ರಿಂದ 98ರಷ್ಟಿದೆ ಎಂಬ ಅದೇ ಅಧ್ಯಯನದ ಲೆಕ್ಕವು ಇದಕ್ಕೆ ಕಾರಣವನ್ನು ಸೂಚಿಸುತ್ತದೆ. ಹೀಗಾಗಿ ರಕ್ತಪರೀಕ್ಷೆಯನ್ನು ಒಂದು ತಂತ್ರದ ಗೆಲುವೆಂದಷ್ಟೇ ಓದುವುದು ಅಪೂರ್ಣವಾಗುತ್ತದೆ. ಬಿಡಿಬಿಡಿಯಾಗಿ ಹಕ್ಕಿಗಳನ್ನು ಉಳಿಸಲು ಪರೀಕ್ಷೆಯೂ ಮದ್ದೂ ಸಾಕಾದವು. ಆದರೆ ಹಿಡಿದು, ಅಳೆದು, ಮದ್ದು ಕೊಟ್ಟು ಬಿಡುವ ಕೆಲಸವನ್ನು ನಿಲ್ಲಿಸಿದರೂ ಸಂತತಿ ತಾನಾಗಿ ಬಾಳುವ ಸ್ಥಿತಿಯನ್ನು ತರಬಲ್ಲದ್ದು ಗುಂಡಿನ ಬದಲಾವಣೆಯೊಂದೇ ಎಂಬುದನ್ನು ದಶಕಗಳ ರಕ್ತದ ದಾಖಲೆಗಳೇ ಸ್ಥಾಪಿಸಿವೆ.