ಬುಕಾನನ್ನನ ಮೀನು ಮತ್ತು ನರದ ಹೊದಿಕೆ

ಕೊಯಮತ್ತೂರು ಸೀಮೆಯ ಚರಿತ್ರೆಯನ್ನು ಅಭ್ಯಸಿಸುವವರಿಗೆ ಫ್ರಾನ್ಸಿಸ್ ಬುಕಾನನ್ನನ ಹೆಸರು ಹೊಸದಲ್ಲ. 1799ರಲ್ಲಿ ಟಿಪ್ಪುಸುಲ್ತಾನನು ಮಡಿದ ಬಳಿಕ ಈ ಸೀಮೆಯು ಮೈಸೂರಿನಿಂದ ಬೇರ್ಪಟ್ಟು ಕಂಪೆನಿಯ ಕೈಸೇರಿತು. ಮರುವರ್ಷವೇ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ ಈ ಸ್ಕಾಟ್ ವೈದ್ಯನು ಮದರಾಸಿನಿಂದ ಹೊರಟು, ಮೈಸೂರು ಸೀಮೆಯನ್ನು ನೋಡಿ, ಘಟ್ಟವಿಳಿದು, ಇಂದು ತಿರುಪ್ಪೂರು ಜಿಲ್ಲೆಗೆ ಸೇರಿರುವ ಧಾರಾಪುರವನ್ನೂ ಕೊಯಮತ್ತೂರನ್ನೂ ಹಾದು ಮಲೆಯಾಳಕ್ಕೆ ಹೋದನು. ಹೊಲದ ಬೆಳೆ, ನೇಕಾರರ ಮಗ್ಗ, ಕಂದಾಯದ ಲೆಕ್ಕ ಎಲ್ಲವನ್ನೂ ಕೇಳಿ ಬರೆದಿಟ್ಟನು. ಆ ಪ್ರವಾಸಕಥನವು 1807ರಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಇದೇ ವ್ಯಕ್ತಿಯು ಮುಂದೆ ಉತ್ತರದೇಶದ ಹೊಳೆಗಳ ಮೀನುಗಳನ್ನೂ ಅಷ್ಟೇ ಶ್ರದ್ಧೆಯಿಂದ ಬರೆದಿಟ್ಟನೆಂಬುದು ಅನೇಕರಿಗೆ ತಿಳಿಯದು. ತಾಯಿಯ ಕಡೆಯ ಆಸ್ತಿ ಬಂದಾಗ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದ ಅವನು, 1822ರಲ್ಲಿ ಗಂಗಾನದಿಯ ಮೀನುಗಳ ಕುರಿತ ಗ್ರಂಥವನ್ನು ಪ್ರಕಟಿಸಿದನು. ಅದರಲ್ಲಿ ಎರಡಂಗುಲವನ್ನು ಮೀರದ, ಮೈಮೇಲೆ ನೀಲಿ ಪಟ್ಟೆಗಳುಳ್ಳ ಒಂದು ಮೀನಿಗೆ 'ಸಿಪ್ರಿನಸ್ ರೆರಿಯೊ' ಎಂದು ಹೆಸರಿಟ್ಟನು. ಇಂದಿನ ಜೀಬ್ರಾ ಮೀನು ಅದೇ.

ಊಟಕ್ಕೂ ಒದಗದ ಈ ಕಿರುಮೀನಿನಿಂದೇನು ಪ್ರಯೋಜನ ಎಂದು ವಾಚಕರು ಕೇಳಬಹುದು. ಅಮೆರಿಕದ ಆರೆಗನ್ನಿನಲ್ಲಿ ಜಾರ್ಜ್ ಸ್ಟ್ರೈಸಿಂಗರನು ಇದನ್ನು ಪ್ರಯೋಗಶಾಲೆಗೆ ತಂದು, 1981ರಲ್ಲಿ ತನ್ನ ಸಂಶೋಧನೆಯನ್ನು ಪ್ರಕಟಿಸಿದ ಮೇಲೆ ಉತ್ತರ ದೊರೆಯಿತು. ಇದರ ಮರಿ ತಾಯಿಯ ಹೊರಗೆ, ಮೊಟ್ಟೆಯಲ್ಲಿ ಬೆಳೆಯುತ್ತದೆ. ಅದರ ಮೈ ಗಾಜಿನಂತೆ ಪಾರದರ್ಶಕ. ಜೀವಂತ ನರಗಳು ಬೆಳೆಯುವುದನ್ನು ಸೂಕ್ಷ್ಮದರ್ಶಕದಲ್ಲಿ ಕಣ್ಣಾರೆ ಕಾಣಬಹುದು.

ನರತಂತುವಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ಅದಿದ್ದರೆ ಸಂದೇಶವು ಶೀಘ್ರವಾಗಿ ಸಾಗುತ್ತದೆ. ಅದು ನಶಿಸಿದರೆ ಮನುಷ್ಯನ ಕಣ್ಣು, ಕೈಕಾಲುಗಳು ಸೋಲುತ್ತವೆ. ಮಿದುಳು ಮತ್ತು ಬೆನ್ನುಹುರಿಗಳಲ್ಲಿ ಇದನ್ನು ಮಾಡುವುದು ಆಲಿಗೊಡೆಂಡ್ರೊಸೈಟ್ ಎಂಬ ಜೀವಕೋಶ. ಹೊರಗಿನ ನರಗಳಲ್ಲಿ ಷ್ವಾನ್ ಕೋಶ. ಮೊದಲನೆಯದರ ಮೂಲಕೋಶಗಳು ಬೆನ್ನುಹುರಿಯಲ್ಲಿ ಹೊಟ್ಟೆಯ ಕಡೆ ಹುಟ್ಟಿ, ಸುತ್ತ ಸಂಚರಿಸಿ, ಕೈಚಾಚಿ ಅನೇಕ ತಂತುಗಳನ್ನು ಅಪ್ಪುತ್ತವೆ. ಷ್ವಾನ್ ಕೋಶವಾದರೋ ಒಂದೇ ತಂತುವಿನ ಒಂದು ತುಂಡಿಗೆ ಮಾತ್ರ ಹೊದಿಕೆ ಕೊಡುತ್ತದೆ.

ಈ ಜಿಲ್ಲೆಗಳಲ್ಲಿ ಕನ್ನಡವಾಡುವ ದೇವಾಂಗದವರ ಮನೆಗಳಲ್ಲಿ ನೇಯ್ದ ಬಟ್ಟೆ ಮರದ ದಿಂಡಿಗೆ ಸುತ್ತಿಕೊಳ್ಳುವುದನ್ನು ನಾವು ಕಂಡಿದ್ದೇವೆ. ಮಯಲಿನ್ನೂ ಹಾಗೆಯೇ ಸುತ್ತುತ್ತದೆ. ಆದರೆ ಬಟ್ಟೆಯ ಹೊಸ ಸುತ್ತು ಹೊರಗೆ ಬಂದರೆ, ಇಲ್ಲಿ ಅದು ಒಳಗೆ, ತಂತುವಿಗೆ ತಾಗಿಯೇ ಮುನ್ನಡೆಯುತ್ತದೆಂದು 2014ರಲ್ಲಿ ತಿಳಿದುಬಂತು. ಒಂದೊಂದು ಆಲಿಗೊಡೆಂಡ್ರೊಸೈಟ್ ಹೊಸ ಹೊದಿಕೆಗಳನ್ನು ತೊಡಗುವುದು ಸುಮಾರು ಐದು ಗಂಟೆಗಳ ಅವಧಿಯಲ್ಲಿ ಮಾತ್ರವೆಂದು 2013ರಲ್ಲಿ ಈ ಮೀನೇ ತೋರಿಸಿಕೊಟ್ಟಿತು. ಹೊದಿಕೆಯನ್ನು ಮತ್ತೆ ಬೆಳೆಸುವ ಚಿಕಿತ್ಸೆಯನ್ನು ಅರಸುವವರಿಗೆ ಇದು ದೊಡ್ಡ ಸಂಗತಿ.

ಬುಕಾನನ್ನನಿಗೆ ಇದಾವುದೂ ಗೊತ್ತಿರಲಿಲ್ಲ. ಕಂಡ ಕಿರಿದನ್ನೂ ಬಿಡದೆ ಬರೆದಿಟ್ಟನು, ಅಷ್ಟೆ. ನಮ್ಮ ಶಾಲೆಯ ಹುಡುಗನು ಕಾಲುವೆಯ ಮೀನೊಂದನ್ನು ಸೀಸೆಯಲ್ಲಿ ಹಿಡಿದುತಂದರೆ ಗದರಿಸದೆ, ಅದರ ಹೆಸರು, ಬಣ್ಣ, ಸಿಕ್ಕಿದ ಸ್ಥಳಗಳನ್ನು ಬರೆಯಹೇಳೋಣ.